ಪಂದ್ಯ ಅವರದು, ಪಾತ್ರೆ ನಮ್ಮದು

ಫುಟ್‌ಬಾಲ್ ಋತು ಬಂತೆಂದರೆ ನಮ್ಮ ಗಂಡಸರು ತಪ್ಪದೆ ಆಡುವ ಮಾತೊಂದಿದೆ: "ಹೆಂಗಸರಿಗೆ ಆಟದ ರುಚಿ ತಿಳಿಯದು, ಅದಕ್ಕೇ ಗೊಣಗುತ್ತಾರೆ." ಸಂಘದ ಸಭೆಯಲ್ಲಿ ಈ ಮಾತು ಬರುತ್ತದೆ, ಮದುವೆ ಮುಂಜಿಯ ಪಂಕ್ತಿಯಲ್ಲಿ ಬರುತ್ತದೆ, ಲೇಕ್ ಮಾರ್ಕೆಟ್ಟಿನಲ್ಲಿ ಕರಿಬೇವು, ಕಾಫಿಪುಡಿ ಕೊಳ್ಳಲು ನಿಂತಾಗಲೂ ಕಿವಿಗೆ ಬೀಳುತ್ತದೆ. ಆಡಿದವರು ನಗುತ್ತಾರೆ, ಕೇಳಿದವರೂ ನಗುತ್ತಾರೆ. ಈ ನಗೆಗೆ ಉತ್ತರವಾಗಿ ಕಲ್ಕತ್ತೆಯ ಕನ್ನಡ ಗೃಹಿಣಿಯರಾದ ನಾವು ಒಂದೆರಡು ಮಾತು ಬರೆಯುತ್ತಿದ್ದೇವೆ. (ಸರ್ಕಾರ 2001ರಲ್ಲಿ ಊರಿನ ಹೆಸರು ಬದಲಾಯಿಸಿದ್ದು ಗೊತ್ತು, ನಮ್ಮ ಬಾಯಲ್ಲಿ ಅದು ಇನ್ನೂ ಕಲ್ಕತ್ತೆಯೇ.) ನಮ್ಮಲ್ಲಿ ಮನೆಯಲ್ಲೇ ಇರುವವರಿದ್ದಾರೆ, ಎಂಟು ಗಂಟೆಗೆ ಬಸ್ಸು ಹಿಡಿದು ಆಫೀಸಿಗೆ ಓಡುವವರಿದ್ದಾರೆ, ಮೊಮ್ಮಕ್ಕಳನ್ನು ಕಂಡವರೂ ಇದ್ದಾರೆ.

ಮೊದಲಿಗೆ, ಆಟ ನಮಗೆ ಗೊತ್ತಿಲ್ಲವೆಂಬ ಮಾತು ಶುದ್ಧ ಸುಳ್ಳು. ಈ ಊರಲ್ಲಿ ನಾಲ್ಕು ಮಳೆಗಾಲ ಕಳೆದವರಾರೂ ಅದನ್ನು ತಿಳಿಯದೆ ಇರಲು ಸಾಧ್ಯವಿಲ್ಲ. 1911ರ ಜುಲೈ 29ರಂದು ಮೋಹನ್ ಬಗಾನಿನ ಹುಡುಗರು, ಒಬ್ಬನ ಹೊರತು ಉಳಿದವರೆಲ್ಲ ಬರಿಗಾಲಲ್ಲಿ ಆಡಿ, ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ಸಿಪಾಯಿಗಳನ್ನು 2-1ರಿಂದ ಸೋಲಿಸಿ ಶೀಲ್ಡ್ ಗೆದ್ದ ಕಥೆಯನ್ನು ನಮಗೆ ಹೇಳಿದವರು ಗಂಡಂದಿರಲ್ಲ, ನೆರೆಮನೆಯ ಮಾಶಿಮಾಂದಿರು. 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್ ಕ್ಲಬ್ಬು, ದೇಶ ಇಬ್ಭಾಗವಾದ ಮೇಲೆ ಪದ್ಮಾ ನದಿಯಾಚೆಯ ಮನೆಮಠ ಬಿಟ್ಟು ಬಂದವರ ಪಾಲಿಗೆ ಏನಾಯಿತೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಊರು ಬಿಟ್ಟು ಬಂದವರು ಒಂದು ಹೆಸರನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ನಮ್ಮ ಈ ಸಂಘ ತಾನೇ ಇನ್ನೇತಕ್ಕೆ ಇದೆ? ಈಸ್ಟ್ ಬೆಂಗಾಲ್ ಗೆದ್ದ ಸಂಜೆ ಇಲಿಶ್ ಮೀನಿಗೆ ಬೆಲೆ ಏರುತ್ತದೆ, ಮೋಹನ್ ಬಗಾನ್ ಗೆದ್ದರೆ ಸಿಗಡಿಗೆ. ಮೀನು ಮುಟ್ಟದ ಮನೆಯವರಾದರೂ ಬೀದಿಯಲ್ಲಿ ಯಾವ ವಾಸನೆ ಬಂದಿತೆಂಬುದರ ಮೇಲೆ ಫಲಿತಾಂಶ ಹೇಳಬಲ್ಲೆವು. 1975ರ ಶೀಲ್ಡ್ ಫೈನಲ್ಲಿನ ಐದು ಗೋಲುಗಳ ಮಾತು ಎತ್ತಿದರೆ ಯಾವ ಮನೆಯ ಅಜ್ಜ ಇಂದಿಗೂ ಊಟ ಬಿಟ್ಟು ಏಳುತ್ತಾರೆಂಬುದೂ ನಮಗೆ ಗೊತ್ತು.

ಆದ್ದರಿಂದ ಜಗಳ ಆಟದ ಮೇಲಲ್ಲ. ಆಟದ ಹೆಸರಿನಲ್ಲಿ ಮನೆಯೊಳಗೆ ನಡೆಯುವ ವ್ಯವಹಾರದ ಮೇಲೆ.

ವಿಶ್ವಕಪ್ಪಿನ ಒಂದು ರಾತ್ರಿಯನ್ನೇ ತೆಗೆದುಕೊಳ್ಳಿ. ಬೀದಿಯ ಈ ಕಂಬದಿಂದ ಆ ಕಂಬಕ್ಕೆ ನೀಲಿ ಬಿಳಿ ಬಾವುಟ, ಎದುರಿನ ಓಣಿಯಲ್ಲಿ ಹಳದಿ ಹಸಿರು. ಆರ್ಜೆಂಟೀನ, ಬ್ರೆಜಿಲ್ ಎಂಬ ದೇಶಗಳನ್ನು ಕಣ್ಣಿಂದ ಕಾಣದ ಜನ ಅವುಗಳಿಗಾಗಿ ಮಾತು ಬಿಡುತ್ತಾರೆ, ಮತ್ತೆ ಕೂಡುತ್ತಾರೆ. ಅದು ಚೆಂದವೇ, ಬೀದಿಗೆ ಕಳೆ ಬರುತ್ತದೆ. ಸಂಜೆ ಏಳಕ್ಕೆ ಯಜಮಾನರು ಬರುತ್ತಾ, "ಇವತ್ತು ನಾಲ್ಕು ಜನ ಬರ್ತಾರೆ" ಎನ್ನುತ್ತಾರೆ. ನಾಲ್ಕೆಂದರೆ ಎಂಟು ಎಂಬ ಲೆಕ್ಕ ನಮಗೆ ರೂಢಿಯಾಗಿದೆ. ಅವಲಕ್ಕಿ ಒಗ್ಗರಣೆ ಒಂದು ಡಬರಿ, ಮೆಣಸಿನಕಾಯಿ ಬಜ್ಜಿ ಎರಡು ಒಬ್ಬೆ, ಎರಡು ಸಲ ಇಳಿಸಿದ ಡಿಕಾಕ್ಷನ್. ಆಟಗಾರರಿಗೆ ನಡುವೆ 15 ನಿಮಿಷ ವಿರಾಮ. ನಮಗೆ ಆ 15 ನಿಮಿಷವೇ ಪಂದ್ಯ. ಅಷ್ಟರಲ್ಲಿ ಎಂಟು ಲೋಟ ಕಾಫಿ, ಅದರಲ್ಲಿ ಎರಡು ಸಕ್ಕರೆಯಿಲ್ಲದ್ದು, ಒಂದು ಹಾಲಿಲ್ಲದ್ದು, ಇವೆಲ್ಲ ತಲುಪಬೇಕಾದ ಕೈಗೆ ತಲುಪಬೇಕು. ಮೈದಾನದಲ್ಲಿ ಈಗ ಒಂದು ತಂಡ ಐವರು ಬದಲಿ ಆಟಗಾರರನ್ನು ಇಳಿಸಬಹುದಂತೆ. ಅಡಿಗೆಮನೆಯಲ್ಲಿ ಬದಲಿಗೆ ಇಳಿಯುವವರು ಯಾರು? ಇಳಿದರೆ ಮಗಳು ಇಳಿಯುತ್ತಾಳೆ, ಮಗನಲ್ಲ. ಮಗ ಅಪ್ಪನ ಪಕ್ಕದಲ್ಲಿ ಕೂತು ಆಫ್‌ಸೈಡ್ ಅಂದರೇನೆಂದು ಕಲಿಯುತ್ತಿರುತ್ತಾನೆ. ಆಗಲೇ ಇನ್ನೊಂದು ಪಾಠವನ್ನೂ ಕಲಿಯುತ್ತಿರುತ್ತಾನೆ; ಅದನ್ನು ಯಾರೂ ಬಾಯಿಬಿಟ್ಟು ಹೇಳಿಕೊಡುವುದಿಲ್ಲ.

ಪಂದ್ಯದ ಹೊತ್ತುಗಳನ್ನು ಗೊತ್ತುಮಾಡುವವರು ನಮ್ಮನ್ನು ಕೇಳಿ ಮಾಡುವುದಿಲ್ಲ, ಸರಿ. 1986ರಲ್ಲಿ ಮೆಕ್ಸಿಕೋದ ಮಧ್ಯಾಹ್ನ ಹನ್ನೆರಡು ನಮ್ಮ ರಾತ್ರಿ ಹನ್ನೊಂದೂವರೆ. ಅಲ್ಲಿಯ ಸಂಜೆ ನಾಲ್ಕು ನಮ್ಮ ಬೆಳಗಿನ ಜಾವ ಮೂರೂವರೆ. ಆಗ ಟಿ.ವಿ. ಇದ್ದ ಮನೆಗೆ ಓಣಿಯೆಲ್ಲ ಬಂದು ಕೂರುತ್ತಿತ್ತು. ಮರಡೋನನ ಹೆಸರು ಈ ಊರಿನ ಹಸುಗೂಸಿಗೂ ಬಂದದ್ದು ಆ ಒಂದು ತಿಂಗಳಲ್ಲಿ. 2014ರಲ್ಲಿ ಬ್ರೆಜಿಲ್‌ನಿಂದ ಬಂದ ಪಂದ್ಯಗಳು ರಾತ್ರಿ ಒಂಬತ್ತೂವರೆ, ಒಂದೂವರೆ, ಮೂರೂವರೆಗೆ. 2022ರಲ್ಲಿ ಕತಾರ್ ಸ್ವಲ್ಪ ಕರುಣೆ ತೋರಿಸಿತು. ಡಿಸೆಂಬರ್ 18ರ ಫೈನಲ್ ರಾತ್ರಿ ಎಂಟೂವರೆಗೇ ಆರಂಭವಾಯಿತು. ಆದರೂ 3-3 ಆಗಿ, ಪೆನಾಲ್ಟಿಯಲ್ಲಿ ಆರ್ಜೆಂಟೀನ ಗೆದ್ದು, ಪಟಾಕಿ ಸದ್ದು ಅಡಗಿ, ಕೊನೆಯ ಅತಿಥಿ ಚಪ್ಪಲಿ ಹುಡುಕಿಕೊಂಡು ಹೋಗುವ ಹೊತ್ತಿಗೆ ಗಂಟೆ ಎಷ್ಟಾಗಿತ್ತೆಂದು ಪಾತ್ರೆ ತೊಳೆದವರನ್ನು ಕೇಳಬೇಕು. 2026ರ ವಿಶ್ವಕಪ್ಪಿಗೆ 48 ತಂಡಗಳು, 104 ಪಂದ್ಯಗಳು. ಅಮೆರಿಕ, ಕೆನಡ, ಮೆಕ್ಸಿಕೋಗಳ ಹೊತ್ತಿಗೆ. ನೂರ ನಾಲ್ಕು!

ಹೊತ್ತು ಮೀರಿ ಮಲಗಿದವರು ಹೊತ್ತೇರಿದ ಮೇಲೆ ಏಳಬಹುದು. ಕಾರ್ಪೊರೇಷನ್ನಿನ ನೀರು ಮಾತ್ರ ಪಂದ್ಯ ಮುಗಿಯಲೆಂದು ಕಾಯುವುದಿಲ್ಲ. ಶಾಲೆಯ ಬಸ್ಸು ಕಾಯುವುದಿಲ್ಲ, ಅತ್ತೆಯವರ ಸಕ್ಕರೆ ಕಾಯಿಲೆಯ ಮಾತ್ರೆ ಕಾಯುವುದಿಲ್ಲ. ಕಾಯುವುದು ತೊಟ್ಟಿಯಲ್ಲಿ ರಾಶಿಬಿದ್ದ ಪಾತ್ರೆ ಮಾತ್ರ. ನಮ್ಮಲ್ಲಿ ಅನೇಕರ ಮನೆಗೆ ಕ್ಯಾನಿಂಗ್, ಲಕ್ಷ್ಮೀಕಾಂತಪುರಗಳ ಕಡೆಯಿಂದ ಬೆಳಗಿನ ಜಾವದ ರೈಲು ಹಿಡಿದು ಕೆಲಸದಾಕೆ ಬರುತ್ತಾಳೆ. ಆ ರಾಶಿಯನ್ನು ಕಂಡು ಆಕೆ ಒಂದು ಕ್ಷಣ ಬಾಗಿಲಲ್ಲಿ ನಿಲ್ಲುತ್ತಾಳಲ್ಲ, ಆ ನೋಟವನ್ನು ಎದುರಿಸಬೇಕಾದವರೂ ನಾವೇ. ಅವಳ ಮನೆಯಲ್ಲೂ ಗಂಡ, ಮಕ್ಕಳು, ಬಾವುಟ, ಗಲಾಟೆ ಎಲ್ಲ ಇವೆ. ನಮ್ಮ ಹೆಗಲಿನ ಭಾರದಲ್ಲಿ ಒಂದು ಪಾಲು ಅವಳ ಹೆಗಲಿಗೆ ಹೋಗುತ್ತದೆ, ಯಾವ ಗಂಡಸಿನ ಹೆಗಲಿಗೂ ಅಲ್ಲ. ಆ ತಿಂಗಳು ಆಕೆಯ ಸಂಬಳಕ್ಕೆ ಏನಾದರೂ ಸೇರಿಸುತ್ತೇವೆಯೇ ಎಂದು ಪ್ರತಿ ಮನೆಯವರೂ ತಮ್ಮನ್ನು ಕೇಳಿಕೊಳ್ಳಲಿ.

"ಒಂದು ರಾತ್ರಿಯ ಕಾಫಿಗೆ ಇಷ್ಟು ದೊಡ್ಡ ಮಾತೇಕೆ?" ಎನ್ನುವವರಿಗೆ ಒಂದು ಲೆಕ್ಕ ಕೊಡುತ್ತೇವೆ. ನಮ್ಮ ಸರ್ಕಾರವೇ 2019ರಲ್ಲಿ ದೇಶದ ಜನ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸು ದಿನಕ್ಕೆ ಸರಾಸರಿ 299 ನಿಮಿಷ ಕಳೆಯುತ್ತಾಳೆ. ಗಂಡಸು, ಅದೂ ಮನೆಗೆಲಸಕ್ಕೆ ಕೈಹಾಕುವ ಗಂಡಸು, 97 ನಿಮಿಷ. ಕೈಹಾಕದವರು ಈ ಲೆಕ್ಕದಲ್ಲೇ ಇಲ್ಲ. ಆಟದ ಭಾಷೆಯಲ್ಲೇ ಹೇಳುವುದಾದರೆ ಗಂಡಸಿನದು ಒಂದು ಪಂದ್ಯ, ಮೇಲೆ ಏಳು ನಿಮಿಷ. ಹೆಂಗಸಿನದು ಮೂರು ಪೂರ್ತಿ ಪಂದ್ಯ, ಮೇಲೊಂದು ಹೆಚ್ಚುವರಿ ಅವಧಿ, ಒಂದೇ ನಿಮಿಷ ಕಡಿಮೆ. ಇದು ದಿನನಿತ್ಯದ್ದು. ಪಂದ್ಯದ ರಾತ್ರಿಯದನ್ನು ಇದರ ಮೇಲೆ ಕೂಡಿಸಿಕೊಳ್ಳಬೇಕು.

"ನಾಲ್ಕು ವರ್ಷಕ್ಕೊಮ್ಮೆ ಬರುವ ಹಬ್ಬ" ಎಂಬ ಮಾತೂ ಇದೆ. ಯಾವ ನಾಲ್ಕು ವರ್ಷ? ನಡುವೆ ಯುರೋಪಿನದೊಂದು, ದಕ್ಷಿಣ ಅಮೆರಿಕದ್ದೊಂದು. ಆಗಸ್ಟಿನಿಂದ ಮೇ ತಿಂಗಳವರೆಗೆ ವಾರದ ಕೊನೆಗೆ ಇಂಗ್ಲೆಂಡಿನ ಲೀಗು. ಮಳೆಗಾಲದಲ್ಲಿ ಮೈದಾನದ ಕಲ್ಕತ್ತಾ ಲೀಗು, ಡ್ಯೂರಾಂಡ್ ಕಪ್ಪು. ಇದಲ್ಲದೆ ಇಡೀ ನಗರಕ್ಕೆ ಜ್ವರ ಏರಿಸುವ ಮೋಹನ್ ಬಗಾನ್-ಈಸ್ಟ್ ಬೆಂಗಾಲ್ ಪಂದ್ಯ ವರ್ಷದಲ್ಲಿ ಎಷ್ಟು ಸಲ ಬರುತ್ತದೋ. ನಮ್ಮ ಪಂಚಾಂಗದಲ್ಲೂ ಇಷ್ಟು ಹಬ್ಬಗಳಿಲ್ಲ. ಇದ್ದರೂ ಗೌರಿಹಬ್ಬಕ್ಕೆ ಎಂಟು ಜನ ಗಂಡಸರು ರಾತ್ರಿ ಮೂರೂವರೆಯವರೆಗೆ ಕೂರುವುದಿಲ್ಲ.

ಇನ್ನು ಕೆಲವರ ಮಾತು ಬೇರೆ ಬಗೆಯದು. "ಹೊರಗೆ ಹೋಗಿ ಕುಡಿದು ಬರುವುದಕ್ಕಿಂತ ಮನೆಯಲ್ಲೇ ಕೂತು ನೋಡುವುದು ಒಳ್ಳೆಯದಲ್ಲವೇ?" ಇದು ವಾದವಲ್ಲ, ಬೆದರಿಕೆ. ಒಳ್ಳೆಯ ಗಂಡಸರೂ ಇದನ್ನು ನಗುನಗುತ್ತಾ ಆಡುತ್ತಾರೆ. ಆಡುವ ಮುಂಚೆ ಇಂಗ್ಲೆಂಡಿನ ಒಂದು ಲೆಕ್ಕವನ್ನು ಕೇಳಲಿ. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು 2002, 2006, 2010ರ ವಿಶ್ವಕಪ್ ದಿನಗಳಲ್ಲಿ ಲ್ಯಾಂಕಷೈರ್ ಪೊಲೀಸರಿಗೆ ಬಂದ ಮನೆಯೊಳಗಿನ ಹಿಂಸೆಯ ದೂರುಗಳನ್ನು ಪಂದ್ಯವಿಲ್ಲದ ದಿನಗಳವುಗಳೊಡನೆ ಹೋಲಿಸಿ ನೋಡಿದರು. ಇಂಗ್ಲೆಂಡ್ ಸೋತ ದಿನ ದೂರುಗಳು ನೂರಕ್ಕೆ 38ರಷ್ಟು ಹೆಚ್ಚು. ಸೋತಾಗ ಸಿಟ್ಟು ಬರುತ್ತದೆಂದು ಹೇಳಿಬಿಡಬಹುದು. ಆದರೆ ಗೆದ್ದ ದಿನ, ಸರಿಸಮವಾದ ದಿನ? ಆಗಲೂ ನೂರಕ್ಕೆ 26ರಷ್ಟು ಹೆಚ್ಚು. ಅದು ಅವರ ದೇಶ, ಅವರ ಬಿಯರು, ಒಪ್ಪಿದೆವು. ನಮ್ಮ ಮನೆಗಳು ಹಾಗಲ್ಲವೆಂದು ಸಂತೋಷದಿಂದಲೇ ಹೇಳಬಹುದು. ಎಲ್ಲ ಮನೆಗಳ ಪರವಾಗಿ ಹೇಳಲು ಮಾತ್ರ ನಮ್ಮಿಂದಾಗದು. ಸೋತ ರಾತ್ರಿ ಮಕ್ಕಳು ಅಪ್ಪನ ಮುಖ ನೋಡಿ ತಟ್ಟೆ ಎತ್ತಿಕೊಂಡು ಒಳಗೆ ಸರಿಯುವ ಮನೆ ನಮ್ಮ ನಡುವೆ ಒಂದಿದ್ದರೂ ಅದು ತಮಾಷೆಯ ಮಾತಲ್ಲ.

ಮನೆಯಲ್ಲಿ ಕೂತವರ ಭಯವೆಂದರೇನೆಂದು ಈ ನಗರಕ್ಕೆ ಗೊತ್ತು. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸಿನಲ್ಲಿ ಇದೇ ಎರಡು ತಂಡಗಳ ಪಂದ್ಯಕ್ಕೆ ಹೋದವರಲ್ಲಿ 16 ಜನ ಗಲಾಟೆ, ನೂಕುನುಗ್ಗಲಿನಲ್ಲಿ ಸತ್ತರು. ಪ್ರತಿ ವರ್ಷ ಆ ದಿನ ಅವರ ನೆನಪಿಗೆ ಇಲ್ಲಿ ರಕ್ತದಾನ ನಡೆಯುತ್ತದೆ, ಒಳ್ಳೆಯದೇ. ಆ ಸಂಜೆ ಬಾಗಿಲಲ್ಲಿ ನಿಂತು ಕಾದ ತಾಯಂದಿರನ್ನು ನೆನೆದರೆ, ಮಗ ಸಾಲ್ಟ್ ಲೇಕಿಗೆ ಹೊರಟಾಗ "ತಲುಪಿದ ಕೂಡಲೇ ಫೋನ್ ಮಾಡೋ" ಎಂದು ನಾವು ಹತ್ತು ಸಲ ಹೇಳುವುದು ಗೊಣಗಾಟವಾಗಿ ಕೇಳಿಸಲಾರದು.

ಈಗ ಹೆಣ್ಣುಮಕ್ಕಳ ವಿಷಯ. ನಾವು ಲೇಖನಿ ಹಿಡಿದದ್ದೇ ಮುಖ್ಯವಾಗಿ ಇದಕ್ಕೆ. ಈ ನಗರ ಫುಟ್‌ಬಾಲನ್ನು ಎಷ್ಟು ಪ್ರೀತಿಸುತ್ತದೆಂದು ಹೇಳುವವರು 1971ರ "ಧನ್ಯಿ ಮೇಯೆ" ಚಿತ್ರವನ್ನು ನೆನೆಯುತ್ತಾರೆ. ಉತ್ತಮ್ ಕುಮಾರ್, ಚಿಕ್ಕ ವಯಸ್ಸಿನ ಜಯಾ ಭಾದುರಿ. ನಕ್ಕು ನಕ್ಕು ಸಾಕಾಗುತ್ತದೆ. ಅದರಲ್ಲಿ ಪರವೂರ ತಂಡ ಪಂದ್ಯ ಗೆದ್ದದ್ದನ್ನು ಸಹಿಸಲಾರದ ಹಳ್ಳಿಯ ಯಜಮಾನ, ತನ್ನ ಆಶ್ರಯದಲ್ಲಿದ್ದ ಹುಡುಗಿಯನ್ನು ಗೆದ್ದ ತಂಡದ ಹುಡುಗನಿಗೆ ಬಲವಂತದಿಂದ ಕಟ್ಟಿಬಿಡುತ್ತಾನೆ. ಚಿತ್ರದ ಹೆಸರಿನ ಅರ್ಥ "ಧನ್ಯೆಯಾದ ಹುಡುಗಿ" ಎಂದು. ಆಟದಲ್ಲಿ ಹುಡುಗಿಯ ಜಾಗ ಎಲ್ಲಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಕಾಲ ಅಲ್ಲೇ ನಿಂತಿಲ್ಲ. ಇದೇ ಬಂಗಾಳದ ಶಾಂತಿ ಮಲ್ಲಿಕ್ 1983ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಫುಟ್‌ಬಾಲಿಗಾಗಿ ಅದನ್ನು ಪಡೆದ ಮೊದಲ ಹೆಣ್ಣುಮಗಳು ಅವರೇ. 2025ರಲ್ಲಿ ಈಸ್ಟ್ ಬೆಂಗಾಲಿನ ಮಹಿಳಾ ತಂಡ ದೇಶದ ಮಹಿಳಾ ಲೀಗನ್ನು ಗೆದ್ದಿತು. ಅದೇ ವರ್ಷ ಜುಲೈಯಲ್ಲಿ ಭಾರತದ ಹುಡುಗಿಯರು ಥಾಯ್ಲೆಂಡನ್ನು ಅವರ ನೆಲದಲ್ಲೇ 2-1ರಿಂದ ಸೋಲಿಸಿ ಏಷ್ಯನ್ ಕಪ್ಪಿಗೆ ಅರ್ಹರಾದರು. ಎರಡು ಗೋಲನ್ನೂ ಹೊಡೆದವಳು ಇಲ್ಲಿಂದ ಕೂಗಳತೆಯ ಕಲ್ಯಾಣಿಯ ಸಂಗೀತಾ ಬಾಸ್ಫೋರ್. ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ಮಹಿಳಾ ತಂಡವೂ 2023ರಲ್ಲಿ ಲೀಗಿನ ಫೈನಲ್ಲಿನವರೆಗೆ ಹೋಗಿತ್ತು.

ಇಷ್ಟೆಲ್ಲ ಆದ ಮೇಲೂ ನಮ್ಮ ಮನೆಗಳಲ್ಲಿ ಮಗ ಕೇಳಿದರೆ ಟಿಕೆಟ್ಟಿಗೆ ದುಡ್ಡು, ಮಗಳು ಕೇಳಿದರೆ "ಅಲ್ಲೇನಿದೆ, ಟಿ.ವಿ.ಯಲ್ಲೇ ನೋಡಮ್ಮ." ಟಿ.ವಿ. ಮುಂದೆ ಕೂತರೆ, "ಪುಟ್ಟೀ, ಅಮ್ಮನಿಗೆ ಸ್ವಲ್ಪ ಕೈ ಜೋಡಿಸು." ಹಾಗಾದರೆ ಅವಳು ನೋಡುವುದು ಯಾವಾಗ? ಮೈದಾನದ ಗದ್ದಲ ಹುಡುಗಿಯರಿಗೆ ಹೇಳಿದ್ದಲ್ಲ, ಅಲ್ಲಿ ಆಡುವ ಮಾತು ಕೆಟ್ಟದ್ದು ಎನ್ನುತ್ತಾರೆ. ಕೆಟ್ಟ ಮಾತಾಡುವವರನ್ನು ಮನೆಯಲ್ಲಿ ಕೂರಿಸಬೇಕಲ್ಲದೆ ಕೇಳುವವಳನ್ನಲ್ಲ. 2024ರ ಆಗಸ್ಟ್ 18ರಂದು ನಡೆಯಬೇಕಿದ್ದ ಪಂದ್ಯ ರದ್ದಾದಾಗ, ಆಸ್ಪತ್ರೆಯಲ್ಲೇ ಕೊಲೆಯಾದ ಯುವ ವೈದ್ಯೆಗೆ ನ್ಯಾಯ ಬೇಕೆಂದು ಎರಡು ಕ್ಲಬ್ಬುಗಳ ಅಭಿಮಾನಿಗಳೂ ಸಾಲ್ಟ್ ಲೇಕ್ ಸ್ಟೇಡಿಯಂ ಮುಂದೆ ಒಟ್ಟಿಗೆ ಕೂಗಿದರು, ಪೊಲೀಸರ ಲಾಠಿಗೂ ಜಗ್ಗಲಿಲ್ಲ. ಅದನ್ನು ಟಿ.ವಿ.ಯಲ್ಲಿ ನೋಡಿ ನಮ್ಮ ಗಂಡಸರ ಕಣ್ಣು ಒದ್ದೆಯಾದದ್ದನ್ನು ನಾವು ಕಂಡಿದ್ದೇವೆ, ಸುಳ್ಳಲ್ಲ. ಬೀದಿಯಲ್ಲಿ ಹೆಣ್ಣಿನ ಪರವಾಗಿ ನಿಂತವರಿಗೆ ಚಪ್ಪಾಳೆ ತಟ್ಟಿದ ಆ ಕೈಗಳು ಎದ್ದು ಎರಡು ಲೋಟ ತೊಳೆಯಲಿಲ್ಲ, ಅದೂ ಸುಳ್ಳಲ್ಲ.

ನಮ್ಮವರಲ್ಲೇ ಇನ್ನೊಂದು ಪಂಗಡವಿದೆ. ಅವರಿಗೆ ಆಟವೇ ಬೇಡ. "ಇದು ಬಂಗಾಳಿಗಳ ಹುಚ್ಚು, ನಾವು ವಿಶ್ವನಾಥ್, ದ್ರಾವಿಡರ ನಾಡಿನವರು, ನಮಗೇಕೆ?" ಎಂದು ಕಿಟಕಿ ಮುಚ್ಚಿಕೊಳ್ಳುತ್ತಾರೆ. ನಮ್ಮ ದೂರನ್ನು ಹಿಡಿದುಕೊಂಡು ಇವರು ತಮ್ಮ ಕಡೆಗೆ ಸೇರಿಸಿಕೊಂಡಾರು; ದಯವಿಟ್ಟು ಬೇಡ. ಈಸ್ಟ್ ಬೆಂಗಾಲಿನ ಹಳೆಯ ಜನ "ಪಂಚಪಾಂಡವರು" ಎಂದು ಕೈಮುಗಿಯುವ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರಾದ ಅಹ್ಮದ್ ಖಾನ್ ಬೆಂಗಳೂರಿನವರು. 1949ರಿಂದ ಹತ್ತು ವರ್ಷ ಈ ಊರಿನಲ್ಲಿ ಆಡಿ, ಹುಟ್ಟೂರಿಗೇ ಮರಳಿ 2017ರಲ್ಲಿ ತೀರಿಕೊಂಡರು. 1962ರ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಬೆಂಗಳೂರಿನವರು, ಮೋಹನ್ ಬಗಾನಿನ ಕಣ್ಮಣಿ. ಈಸ್ಟ್ ಬೆಂಗಾಲಿನ ನಾಯಕನಾಗಿ 2001ರಲ್ಲಿ ರಾಷ್ಟ್ರೀಯ ಲೀಗ್ ಗೆಲ್ಲಿಸಿದ ಕಾರ್ಲ್‌ಟನ್ ಚಾಪ್‌ಮನ್ ಬೆಂಗಳೂರಿನ ಹುಡುಗ. 2020ರಲ್ಲಿ ಐವತ್ತು ತುಂಬುವ ಮೊದಲೇ ಹೋಗಿಬಿಟ್ಟ. ಬೆಂಗಳೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ, ಹೋದಾಗ ನೋಡಿಬನ್ನಿ. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1968-69ರಲ್ಲಿ ಗೆದ್ದ ಮೇಲೆ 2023ರ ಮಾರ್ಚಿನಲ್ಲಿ ಕರ್ನಾಟಕ ಮತ್ತೆ ಗೆದ್ದಿತು. ಆ ದಿನ ನಮ್ಮ ಸಂಘದ ಎಷ್ಟು ಮನೆಗಳಲ್ಲಿ ಸಿಹಿ ಮಾಡಿದ್ದರು? ಆರ್ಜೆಂಟೀನಕ್ಕೆ ಪಾಯಸ ಮಾಡಿಸಿದವರು ಕರ್ನಾಟಕಕ್ಕೆ ಒಂದು ಚಮಚ ಸಕ್ಕರೆಯನ್ನೂ ಕೇಳಲಿಲ್ಲ.

ಈ ನಗರಕ್ಕೆ ಬಂದು ನೆಲಸಿದವರು ಇದರ ಸುಖದಲ್ಲಿ ಪಾಲು ತೆಗೆದುಕೊಳ್ಳಬೇಕೆಂದೇ ನಾವು ಹೇಳುವುದು. ಪಾಲು ಎಲ್ಲರಿಗೂ ಇರಲಿ, ಅಷ್ಟೇ. ಸ್ನೇಹಿತರನ್ನು ಕರೆದವರು ಆ ರಾತ್ರಿಯ ಅಡಿಗೆಮನೆಯನ್ನೂ ವಹಿಸಿಕೊಳ್ಳಲಿ. ಬರುವವರು ಬರಿಗೈಯಲ್ಲಿ ಬರದೆ ಒಂದು ಡಬ್ಬಿ ಚುರುಮುರಿಯಾದರೂ ತರಲಿ, ಹೋಗುವಾಗ ತಮ್ಮ ಲೋಟ ತಾವು ತೊಳೆದಿಟ್ಟು ಹೋಗಲಿ. ಮಧ್ಯರಾತ್ರಿಯ ಪಂದ್ಯದ ಮರುದಿನ ಬೆಳಗ್ಗೆ ನೀರು ಹಿಡಿಯುವುದು, ಮಕ್ಕಳ ಡಬ್ಬಿ ಕಟ್ಟುವುದು ಪಂದ್ಯ ನೋಡಿದವರ ಕೆಲಸ. ಎದ್ದಿದ್ದವರು ಎದ್ದೇ ಇದ್ದಾರಲ್ಲ! ಸಂಘದವರು ಪರದೆ ಕಟ್ಟಿ ಫೈನಲ್ ತೋರಿಸುವುದಾದರೆ ತಿಂಡಿಯ ಜವಾಬ್ದಾರಿಯನ್ನು "ಮಹಿಳಾ ವಿಭಾಗ" ಎಂದು ಆಹ್ವಾನಪತ್ರಿಕೆಯಲ್ಲಿ ಅಚ್ಚು ಹಾಕಿಸಬಾರದು. ಹಾಕಿಸಿದರೆ ಆ ದಿನ ತಿಂಡಿ ಇರುವುದಿಲ್ಲ. ಈಸ್ಟ್ ಬೆಂಗಾಲಿನ ಹುಡುಗಿಯರು ಊರಿನಲ್ಲಿ ಆಡುವ ಮುಂದಿನ ಪಂದ್ಯಕ್ಕೆ ನಮ್ಮ ಹೆಣ್ಣುಮಕ್ಕಳನ್ನು ಕರೆದುಕೊಂಡು ನಾವೇ ಹೋಗುತ್ತೇವೆ. ಯಜಮಾನರುಗಳಿಗೂ ಆಹ್ವಾನವಿದೆ, ಟಿಕೆಟ್ ಅವರೇ ತೆಗೆಯಬೇಕು.

ಮನೆಯ ವಿಷಯಕ್ಕೆ ಬಂದರೆ, ಮುಂದಿನ ಪಂದ್ಯದ ರಾತ್ರಿ ನಾವೂ ಟಿ.ವಿ. ಮುಂದೆ ಕೂರುವವರು. ಡಿಕಾಕ್ಷನ್ ಸಂಜೆಯೇ ಇಳಿಸಿಟ್ಟಿರುತ್ತೇವೆ, ಹಾಲು ಫ್ರಿಜ್ಜಿನಲ್ಲಿರುತ್ತದೆ. ಸಕ್ಕರೆ ಡಬ್ಬಿ ಯಾವುದು, ಉಪ್ಪಿನ ಡಬ್ಬಿ ಯಾವುದು ಎಂಬುದನ್ನು ಮಾತ್ರ ಬೆಳಕಿರುವಾಗಲೇ ಬಂದು ನೋಡಿಟ್ಟುಕೊಳ್ಳಿ. ಪಂದ್ಯ ಶುರುವಾದ ಮೇಲೆ ಕರೆದರೆ ನಮಗೆ ಕೇಳಿಸುವುದಿಲ್ಲ.